ಸಂಬಳಕ್ಕೆ ಹೆಪ್ಪು

ಸಂಜೆ ಗಾರ್ಮೆಂಟ್ಸಿನವರು ನೀಲಮ್ಮನ ಕ್ಯಾನಿಗೆ ಅಳೆದು ಹಾಕಿದ ಸಂಬಳ ಎಂದಿನಂತೆ ಹಾಲಿನ ಹಾಗೆ ತೆಳ್ಳಗಿತ್ತು. ಹಳೆಯ ಉಳಿತಾಯದ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ತಿಂಗಳಿಡೀ ಬರುತ್ತದೆ, ಇಲ್ಲದಿದ್ದರೆ ಒಡೆದುಹೋಗುತ್ತದೆ. ಆದರೆ ಅವಳ ಉಳಿತಾಯದ ಗಡಿಗೆ ತೊಳೆದಿಟ್ಟಂತಿತ್ತು. ಬೆಲೆ ಏರುತ್ತದಂತೆ ಎಂದು ಹೆದರಿ, ನಿನ್ನೆ ಬೀದಿಯವರೆಲ್ಲ ಗಡಿಗೆಯ ತಳ ಕೆರೆದು ಎಣ್ಣೆ, ಬೇಳೆ ಕೊಂಡಿದ್ದರು. ಎಲ್ಲರೂ ಮುಗಿಬಿದ್ದದ್ದಕ್ಕೇ ಬೆಲೆ ಏರಿತು. ಈಗ ಕೇಳಿದ ಯಾರ ಮನೆಯಲ್ಲೂ ಹೆಪ್ಪಿಲ್ಲ.

ಕೇಳಲು ಉಳಿದವಳು ಎದುರುಮನೆಯ ಇಸ್ತ್ರಿ ಅಂಗಡಿ ಕಮಲಾಕ್ಷಿ ಒಬ್ಬಳೇ. ಬಾಡಿಗೆಗೆ ಬಂದ ಹೊಸತರಲ್ಲಿ ಅವಳು ಇದೇ ಹೊತ್ತಿಗೆ ಬಟ್ಟಲು ಹಿಡಿದು ಬಂದಾಗ ನೀಲಮ್ಮ, "ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಬಾರ್ದಮ್ಮ" ಎಂದು ಬಾಗಿಲು ಹಾಕಿಕೊಂಡಿದ್ದಳು. ಕಮಲಾಕ್ಷಿಯ ಮೊದಲ ಗಳಿಕೆ ಒಡೆದು ಮೋರಿ ಸೇರಿತ್ತು.

ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀಲಮ್ಮ ಕಮಲಾಕ್ಷಿಯ ಹೊಸ್ತಿಲಾಚೆಯೇ ನಿಂತಳು.

"ಹೆಪ್ಪಾ ಅಕ್ಕ? ಇದೆ. ಅವತ್ತಿಂದ ಒಂದ್ ಚಮಚ ತೆಗೆದಿಡದೆ ನಾನು ಖರ್ಚೇ ಮಾಡಲ್ಲ," ಎಂದಳು ಕಮಲಾಕ್ಷಿ.

ಒಳಗೆ ಲೈಟು ಉರಿಯುತ್ತಿತ್ತು. ಅದನ್ನು ನೋಡಿ ನೀಲಮ್ಮನ ಮುಖ ಸಣ್ಣದಾಯಿತು. "ದೀಪ ಹಚ್ಚಿಬಿಟ್ಟಿದೀಯಲ್ಲೇ..." ಎಂದು ಹಿಂದೆ ತಿರುಗಿದಳು.

ಟಕ್ಕೆಂದು ಸ್ವಿಚ್ಚಿನ ಸದ್ದಾಯಿತು. ಮನೆಯೆಲ್ಲ ಕತ್ತಲಾಯಿತು.

"ನಮ್ಮನೇಲಿ ಇನ್ನೂ ದೀಪ ಹಚ್ಚಿಲ್ಲ ಅಕ್ಕ. ಬಟ್ಟಲು ಹಿಡೀರಿ."