ಬಾಳವ್ವನ ಗಂಡನ ವೀರಗಲ್ಲು

ಮಹಾಯುದ್ಧ ಶುರುವಾದ ದಿನವನ್ನು ಇತಿಹಾಸಕಾರರ ಮಂಡಳಿ ಈ ವರ್ಷವೂ ಮುಂದಕ್ಕೆ ಸರಿಸಿತ್ತು. ರೂಢಿಯಂತೆ ತಾಲ್ಲೂಕು ಕಚೇರಿಯ ಗುರುಪಾದ ಹಾರೆ ಹಿಡಿದು ಬಂದ. ಯುದ್ಧಕ್ಕೆ ಮುಂಚೆಯೇ ಸತ್ತವರೆಂದು ತೀರ್ಮಾನವಾದವರ ವೀರಗಲ್ಲುಗಳನ್ನು ಅವನು ಕೀಳಬೇಕಿತ್ತು. ಬಾಳವ್ವ ಗಂಡನ ಕಲ್ಲಿಗೆ ಎಣ್ಣೆ ಸವರುತ್ತಿದ್ದಳು.

“ಯಕ್ಕಾ, ನಿಮ್ಮ ಯಜಮಾನ್ರು ಸತ್ತದ್ದು ಬರೇ ಗಡಿ ಜಗಳದಾಗಂತ. ದೊಡ್ಡೋರು ಕುಂತು ಚರ್ಚಾ ಮಾಡ್ಯಾರ.”

“ಹೌದೇನೋ? ಹೋದ ವರ್ಷದ ತನಕಾ ಯುದ್ಧದಾಗ ಸತ್ತಿದ್ದ. ಅವಸರದ ಮನಷ್ಯಾ, ಶುರು ಆಗೂತನಕಾನೂ ಕಾಯಲಿಲ್ಲ ನೋಡು.”

ಗುರುಪಾದ ನಕ್ಕು, ಕಲ್ಲಿನ ಬುಡಕ್ಕೆ ಹಾರೆ ಊರಿದ. ಬಾಳವ್ವ ಕಲ್ಲನ್ನು ತಬ್ಬಿ ಕೂತಳು.

“ಆವಾಗ ಯುದ್ಧನ ಇದ್ದಿಲ್ಲಂದ್ರ, ನಿಮ್ಮ ದೊಡ್ಡೋರಿಗೆ ಹೇಳು, ಅಂವನ್ನ ಎಬ್ಬಿಸಿ ಮನಿಗೆ ಕಳಸ್ಲಿ. ಕಲ್ಲು ನಾನ ಕಿತ್ತು ಕೊಡ್ತೀನಿ.”