ಅಕ್ಕನ ಪಾಲಿನ ಅಳು

ಟೀವಿಯಲ್ಲಿ ಕಾನ್‌ಸ್ಟೇಬಲ್ ಓಬಳೇಶಪ್ಪ ಎದೆಗೆ ಗುಂಡು ಬಿದ್ದು ಸತ್ತಾಗ, ಹಿಂದೂಪುರದ ಮನೆಯಲ್ಲಿ ರಿಟೈರಾದ ಕಾನ್‌ಸ್ಟೇಬಲ್ ಓಬಳೇಶಪ್ಪ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ. ಸುಲಿದ ಕಾಳು ಕೈಯಲ್ಲೇ ಉಳಿಯಿತು. ತೆರೆಯ ಮೇಲೆ ಅವನ ಹೆಂಡತಿಯ ವೇಷದವಳು ತಾಳಿ ಹಿಡಿದುಕೊಂಡು ಚೀರಿದಳು. ಪಕ್ಕದಲ್ಲಿ ಕೂತಿದ್ದ ನಿಜವಾದ ಹೆಂಡತಿ ಮುನೆಮ್ಮ ಎದ್ದು ಹೋಗಿ ಟೀವಿ ಆರಿಸಿಬಿಟ್ಟಳು.

"ಥೂ, ಇವರ ಬಾಯಿಗೆ ಮಣ್ಣಾಕ! ಬದುಕಿರೋ ಮನುಷ್ಯನ್ನ ಹೆಸರು ಹಿಡಿದು ಸಾಯಿಸವ್ರಲ್ಲ!"

"ಸೀರಿಯಲ್ಲು ಕಣೆ ಅದು. ಒಬ್ಬರಾದ್ರೂ ಸಾಯ್ದಿದ್ರೆ ಜನ ನೋಡಕಿಲ್ಲ ಅಂಕುಲ್ ಅಂತ ಡೈರೆಕ್ಟರು ಮೊದ್ಲೇ ಹೇಳಿದ್ದ."

"ಸಾಯಿಸೋ ಹಂಗಿದ್ರೆ ಆ ಎಸ್ಸೈನ ಸಾಯಿಸ್ಬೇಕಿತ್ತು. ಸಂಬಳ ಜಾಸ್ತಿ ತಗೋತಿದ್ನಲ್ಲ!"

ಸೀರಿಯಲ್ಲಿನಲ್ಲಿ ತೋರಿಸಿದ ಹಾಗೆ, ವರ್ಷಗಳ ಹಿಂದೆ ಲೇಪಾಕ್ಷಿ ರಸ್ತೆಯಲ್ಲಿ ಪೊಲೀಸರಿಗೂ ದರೋಡೆಕೋರರಿಗೂ ನಡುವೆ ಗುಂಡು ಹಾರಾಡಿದ್ದು ನಿಜ. ಆದರೆ ಆ ಗುಂಡು ಬಿದ್ದದ್ದು ಓಬಳೇಶಪ್ಪ ಓಡಿಸುತ್ತಿದ್ದ ಜೀಪಿನ ಬಾಗಿಲಿಗೆ. ಮುನೆಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಅಪಶಕುನ ಅಪಶಕುನವೇ. ಕಾಗೆ ಬಂದು ತಲೆ ಮುಟ್ಟಿದರೆ ಅವಳ ತವರಿನಲ್ಲಿ ಒಂದು ದಾರಿ ಇತ್ತು. ದೂರದ ಊರಿನ ಹತ್ತಿರದ ನಂಟರಿಗೆ 'ಹೋಗಿಬಿಟ್ಟ' ಎಂದು ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ನಂಬಿ ಅತ್ತರೆ ಕಂಟಕ ಕಳೆಯಿತು; ಆಮೇಲೆ ನಿಜ ಹೇಳಿ ಬೈಸಿಕೊಂಡರಾಯಿತು. ಇದು ಕಾಗೆಗಿಂತ ದೊಡ್ಡದು, ಊರೆಲ್ಲ ನೋಡಿದೆ.

"ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಫೋನ್ ಮಾಡ್ತೀನಿ," ಎಂದಳು. "ನಿಮ್ಮಕ್ಕನಿಗೆ."

"ಬ್ಯಾಡ."

"ಯಾಕ್ ಬ್ಯಾಡ? ಒಡಹುಟ್ಟಿದೋರು ಅತ್ರೇನೇ ಕಳೆಯೋದು."

ಓಬಳೇಶಪ್ಪ ಕಡಲೆಕಾಯಿ ಸಿಪ್ಪೆಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತಾ ಕೇಳಿದ: "ಆವಮ್ಮ ಅಳ್ದೇ ಹೋದ್ರೆ?"

ಅಕ್ಕ ಆದೆಮ್ಮ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಗಳು ರಮಾದೇವಿಯನ್ನು ಅವಳು ತಮ್ಮನ ಮಗನಿಗೆ ಕೊಡದೆ ಹೊರಗಡೆ ಕೊಟ್ಟಿದ್ದಳು. ಓಬಳೇಶಪ್ಪನಿಗೆ ಅದರ ಬೇಸರ ಇರಲಿಲ್ಲ. ಸೋದರಮಾವನಾಗಿ ಹುಡುಗಿಯನ್ನು ಬುಟ್ಟಿಯಲ್ಲಿ ಕೂರಿಸಿ ಹಸೆಗೆ ಹೊತ್ತು ತರಲು ಹೊಸ ಪಂಚೆಯನ್ನೂ ಕೊಂಡಿದ್ದ. ಮದುವೆಯ ದಿನ ನಸುಕಿಗೇ ಜೀಪು ತೆಗೆಯಬೇಕೆಂದು ಸ್ಟೇಷನ್ನಿನಿಂದ ಕರೆ ಬಂತು. ಲೇಪಾಕ್ಷಿ ರಸ್ತೆಯ ಆ ದರೋಡೆಕೋರರನ್ನು ಹಿಡಿಯಲು; ಎಲ್ಲಿಗೆ, ಯಾಕೆ ಎಂದು ಯಾರಿಗೂ ಹೇಳುವ ಹಾಗಿರಲಿಲ್ಲ. ಬುಟ್ಟಿಯನ್ನು ಬೇರೆ ಯಾರೋ ಹೊತ್ತರು. ಡ್ಯೂಟಿ ಇತ್ತು ಎಂದು ಮುನೆಮ್ಮ ಹೇಳಿದರೆ ಆದೆಮ್ಮ, "ಹೆಣ್ಣು ಕೊಡ್ಲಿಲ್ಲ ಅಂತ ಉರಿ. ಡ್ಯೂಟಿಯಂತೆ ಡ್ಯೂಟಿ!" ಎಂದಳು. ಅಕ್ಕ ಹಾಗೆ ಅಂದುಕೊಂಡಳಲ್ಲ ಎಂದು ತಮ್ಮನೂ ಬಾಯಿ ಬಿಗಿದುಕೊಂಡ. ಮೊನ್ನೆ ಮೊನ್ನೆ ಟೀವಿಯವರು ಬಂದು ಆ ದಿನ ಏನಾಯಿತು ಎಂದು ಕೇಳಿದಾಗಲೇ ಅವನು ಬಾಯಿ ಬಿಟ್ಟದ್ದು. ಪಂಚೆಯ ವಿಷಯವನ್ನೂ ಹೇಳಿದ್ದ.

ಬೆಳಿಗ್ಗೆ ಮುನೆಮ್ಮ ಫೋನು ಮಾಡಿಯೇಬಿಟ್ಟಳು, ಸ್ಪೀಕರ್ ಹಾಕಿ. ಓಬಳೇಶಪ್ಪ ಹೊರಗೆ ಹೋಗುವವನಂತೆ ಎದ್ದವನು ಬಾಗಿಲ ಬಳಿ ನಿಂತ.

"ಅತ್ತಿಗೆಮ್ಮಾ... ನಿಮ್ಮ ತಮ್ಮ..."

ಅವಳು ಸಿದ್ಧಮಾಡಿಕೊಂಡಿದ್ದ ಅಳು ಗಂಟಲಿಗೆ ಬರುವ ಮೊದಲೇ ಆ ಕಡೆಯಿಂದ ನಿಜವಾದ ಅಳು ಬಂತು.

"ನೋಡ್ದೆ ಕಣೆ ಮುನೆಮ್ಮಾ, ಟೀವೀಲಿ ನೋಡ್ದೆ! ಹೊಸ ಪಂಚೆ ಜೀಪಲ್ಲೇ ಬಿದ್ದಿತ್ತಲ್ಲೇ, ಮಡಿಕೆ ಕೂಡ ಬಿಚ್ಚಿರ್ಲಿಲ್ಲ... ದೇವುಡಾ! ನನ್ನ ಬಾಯಿ ಸೇದೋಗ. ನಿನ್ನೆಯಿಂದ ಒಂದ್ ತುತ್ತು ಗಂಟಲಲ್ಲಿ ಇಳ್ದಿಲ್ಲ. ಸುಳ್ಳು ಅಂತ ಗೊತ್ತು ಕಣೆ. ಗೊತ್ತಿದ್ರೂ... ಇದ್ದಾನಲ್ವಾ? ದಿಟವಾಗ್ಲೂ ಇದ್ದಾನಲ್ವಾ?"

ಸುದ್ದಿ ಮುಟ್ಟಿಸುವ ಕೆಲಸವನ್ನು ಟೀವಿಯವರೇ ಮುಗಿಸಿದ್ದರು. ಮುನೆಮ್ಮ ಗಂಡನ ಕಡೆ ನೋಡಿದಳು. ಅವನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದ.

"ಅವ್ರೆ ಕಣಮ್ಮ. ಇಲ್ಲೇ ನಿಂತವ್ರೆ."

"ಮಡಗು ಫೋನು. ಬತ್ತೀನಿ."

ಮಧ್ಯಾಹ್ನದ ಬಸ್ಸಿಗೆ ಆದೆಮ್ಮ ಬಂದೇ ಬಂದಳು. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಸಾವಿನ ಮನೆಗೆ ಬರುವವರ ಹಾಗೆ ಬರಿಗೈ. ಮುನೆಮ್ಮ ನೀರು ಕೊಟ್ಟರೆ ಚೊಂಬನ್ನು ಪಕ್ಕಕ್ಕಿಟ್ಟು ನೆಟ್ಟಗೆ ತಮ್ಮನ ಮುಂದೆ ಹೋಗಿ ನಿಂತಳು. ಅವನ ಅಂಗಿಯ ಮೇಲೆ, ಟೀವಿಯಲ್ಲಿ ಗುಂಡು ಬಿದ್ದ ಜಾಗದಲ್ಲಿ, ಅಂಗೈ ಇಟ್ಟು ಸವರಿದಳು. ಒಂದು ಗುಂಡಿ ಕಿತ್ತುಹೋಗಿತ್ತು, ಅಷ್ಟೇ.

"ಟೀವಿಯೋರಿಗೆ ಹೇಳಕ್ಕೆ ಬಾಯಿತ್ತು. ಅಕ್ಕನಿಗೆ ಹೇಳಕ್ಕೆ ಇರ್ಲಿಲ್ವೇನ್ಲಾ ಓಬ್ಲಾ?"

"ನೀ ಕೇಳ್ಲಿಲ್ವಲ್ಲಕ್ಕಾ."

"ಕೇಳ್ಲಿಲ್ಲ." ಆದೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ದನಿ ಏರಿಸಿದಳು: "ನೋಡು, ನಿನಗೋಸ್ಕರ ಅಳೋದೆಲ್ಲ ಅತ್ತು ಮುಗಿಸ್ಬುಟ್ಟೆ. ನನ್ನ ಪಾಲಿಂದು ಇನ್ನೇನೂ ಉಳ್ದಿಲ್ಲ. ಇನ್ನು ಅಳೋ ಸರದಿ ನಿಂದು, ತಿಳೀತಾ?"

ಓಬಳೇಶಪ್ಪ ತಿಳಿಯಿತು ಎಂದು ತಲೆಯಾಡಿಸಿದ. ಆಡಿಸುತ್ತಲೇ ಅವನ ಕಣ್ಣು ತುಂಬಿ, ಭುಜ ಕುಲುಕಿ, ಬಿಕ್ಕಿ ಬಿಕ್ಕಿ ಅಳತೊಡಗಿದ.

ಆದೆಮ್ಮ ಅವನ ತಲೆಗೆ ಮೆಲ್ಲಗೆ ಮೊಟಕಿದಳು.

"ಈಗ್ಲೇ ಅಲ್ಲ ಕಣ್ಲಾ, ನಾನು ಸತ್ತ್‌ಮೇಲೆ!"