ನಾನು ಬಿಚ್ಚಿದ ಆರು ಹುಲ್ಲಿನ ಗಂಟುಗಳು

ಐದು ನಿಮಿಷ ಪುರುಸೊತ್ತು ಮಾಡಿಕೊಂಡು ಓದಿ... ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಕಲಿತದ್ದು ಇದು.

ಕುದುರೆಮುಖ ನ್ಯಾಷನಲ್ ಪಾರ್ಕಿನಲ್ಲಿ ಟ್ರೆಕ್ಕಿಂಗ್. ಎಂಟು ಜನ ಹೊರಟಿದ್ದೆವು.
ಎಲ್ಲರಿಗಿಂತ ಬಹಳ ಮುಂದೆ ಗೈಡ್ ಸೇಸಪ್ಪ... ಎಲ್ಲರಿಗಿಂತ ಬಹಳ ಹಿಂದೆ ನಾನು.

"ಅಜ್ಜೀ, ಬೆಟ್ಟ ನಿಮ್ಮನ್ನ ಕಾಯ್ತದೆ, ಬಸ್ಸು ಕಾಯಲ್ಲ ನೋಡ್ರಿ!" ಎಂದು ರೇಗಿಸಿದರು ದಾವಣಗೆರೆಯ ಟೈಲ್ಸ್ ವ್ಯಾಪಾರಿ ಕೊಟ್ರೇಶಪ್ಪ.

"ನೀವು ಬೆಟ್ಟ ಹತ್ತೋಕೆ ಬಂದಿದ್ದೀರೋ, ಬಸ್ಸು ಹತ್ತೋಕೋ?" ಎಂದೆ. ಎಲ್ಲರೂ ನಕ್ಕರು.

ಹುಲ್ಲುಗಾವಲಿನಲ್ಲಿ ಒಂದು ವಿಚಿತ್ರ ಕಂಡಿತು... ಅಲ್ಲಲ್ಲಿ ಎತ್ತರದ ಹುಲ್ಲನ್ನು ಯಾರೋ ಗಂಟು ಹಾಕಿದ್ದರು.

ನಾನು ಬಾಟನಿ ಓದಿದವಳು. ಇದ್ಯಾರ ತುಂಟಾಟವೋ ಎಂದು ಬೇಸರವಾಯಿತು.
ಬಗ್ಗಿ ಒಂದನ್ನು ಬಿಚ್ಚಿದೆ. ಮುಂದೆ ಇನ್ನೊಂದು... ಒಟ್ಟು ಆರು. ಹುಲ್ಲಿಗೆ ಉಪಕಾರ ಮಾಡಿದೆನೆಂಬ ಖುಷಿ ಬೇರೆ!

ತುದಿ ತಲುಪಿ ಊಟ ಮುಗಿಸುವಷ್ಟರಲ್ಲಿ ಮಂಜು ಕವಿಯಿತು. ಹತ್ತು ಹೆಜ್ಜೆ ಆಚೆ ಏನೂ ಕಾಣದು.

"ಹೆದರ್ಬೇಡಿ," ಎಂದರು ಸೇಸಪ್ಪ. "ಕಾಡುಕೋಣ ನಡೆದ ದಾರಿ ಇಲ್ಲಿ ತುಂಬಾ ಉಂಟು. ಮಂಜಲ್ಲಿ ನಂಗೂ ಎಲ್ಲಾ ಒಂದೇ ಥರ. ತಪ್ಪಿದ್ರೆ ಸೀದಾ ಪ್ರಪಾತ. ಅದಕ್ಕೇ ಕವಲು ಇರೋ ಕಡೆ ಸರಿ ದಾರಿ ಬದಿಯ ಹುಲ್ಲು ಗಂಟು ಹಾಕಿದ್ದೇನೆ. ನೋಡ್ಕೊಂಡು ಇಳಿಯುವ."

ನಾನು ಬಿಚ್ಚಿದ್ದು ಅದೇ ಗಂಟುಗಳನ್ನು...
ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಳಿಗೆ ಬಿಚ್ಚಿಕೊಂಡವು ಅಂದುಕೊಳ್ಳುತ್ತಿದ್ದರು.

"ಸೇಸಪ್ಪಾ... ಗಂಟುಗಳು ಇಲ್ಲ. ನಾನೇ ಬಿಚ್ಚಿದೆ."

"ಎಂಥಾ ಕೆಲ್ಸ ಮಾಡಿದ್ರಿ ಅಜ್ಜೀ! ಮನ್ಯಾಗೆ ಮಕ್ಳು ಕಾಯ್ತಿದಾವೆ ನಮಗೆ!" ಕೊಟ್ರೇಶಪ್ಪ ಕೂಗಾಡಿದರು.

ಸೇಸಪ್ಪ ಕೂಗಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಕಾಫಿ ಬಗ್ಗಿಸಿ ನನ್ನ ಕೈಗಿಟ್ಟರು.

"ಮೊದಲು ಕುಡೀರಿ ಅಮ್ಮಾ. ಆಮೇಲೆ ಹೇಳಿ... ಗಂಟು ಬಿಚ್ಚುವಾಗ ಪಕ್ಕದಲ್ಲಿ ಎಂತ ಗಿಡ ಇತ್ತು?"

ಕಣ್ಣು ಮುಚ್ಚಿದೆ. ಒಂಟಿ ನೆಲ್ಲಿ... ಕುಳ್ಳ ಈಚಲು... ಬಂಡೆ ಸಂದಿಯ ಜರಿಗಿಡ... ಒಂದೊಂದೇ ಕಣ್ಣೆದುರು ಬಂದು ನಿಂತವು!

"ಹಾಗಾದ್ರೆ ಇವತ್ತು ಗೈಡ್ ನೀವೇ. ಮುಂದೆ ನಡೀರಿ."

ಹಿಂದಿದ್ದವಳು ಮುಂದೆ ನಡೆದೆ. ಸೇಸಪ್ಪ ನನ್ನ ಮೊಣಕೈ ಹಿಡಿದಿದ್ದರು.
ಪ್ರತಿ ಕವಲಿನಲ್ಲೂ ಗಿಡ ಹುಡುಕಿದೆ. ಗಿಡದ ಪಕ್ಕ, ನಾನು ಬಿಚ್ಚಿದ ಹುಲ್ಲಿನಲ್ಲಿ ಮಡಿಕೆ ಇನ್ನೂ ಉಳಿದಿತ್ತು. ಅಲ್ಲೇ ಮತ್ತೆ ಗಂಟು ಹಾಕಿದೆ.

ಆರನೆಯದಕ್ಕೆ ಬರುವಾಗ ಬೆರಳು ಮರಗಟ್ಟಿದ್ದವು. ಪಕ್ಕದಲ್ಲಿ ಯಾರೋ ಮಂಡಿಯೂರಿದರು... ಕೊಟ್ರೇಶಪ್ಪ!

"ತಪ್ಪಾತು ಅಜ್ಜೀ, ಬಾಯಿಗೆ ಬಂದಂಗೆ ಅಂದೆ. ನಾ ಹಿಡ್ಕೊಂತೀನಿ, ನೀವು ಕಟ್ರಿ."

ಚೆಕ್‌ಪೋಸ್ಟ್ ಕಂಡಾಗ ಸೇಸಪ್ಪನವರಿಗೆ ಕೈ ಮುಗಿದು, "ಕ್ಷಮಿಸಪ್ಪಾ" ಎಂದೆ.

"ಎಂತಕ್ಕೆ ಅಮ್ಮಾ? ನೀವು ಸುಮ್ಮನಿದ್ದಿದ್ರೆ, ಇಲ್ಲದ ಗಂಟು ಹುಡುಕ್ತಾ ಇಷ್ಟೂ ಜನರನ್ನ ನಾನೇ ಪ್ರಪಾತಕ್ಕೆ ಕರ್ಕೊಂಡು ಹೋಗ್ತಿದ್ದೆ..."

ಅಲ್ಲಿಯವರೆಗೆ ತಡೆದಿದ್ದ ಕಣ್ಣೀರು ಆಗ ಬಂತು.

*ತಪ್ಪನ್ನು ಒಪ್ಪಿಕೊಂಡವರಿಗೇ ವಾಪಸ್ ಬರುವ ದಾರಿ ಸಿಗುವುದು.*

ನಿಮ್ಮ ಮನೆಯಲ್ಲಿ ಯಾರಾದರೂ "ನಾನೇ ಮಾಡಿದ್ದು" ಎಂದು ಎದುರು ನಿಂತಾಗ... ನೀವು ಮೊದಲು ಕೂಗಾಡುತ್ತೀರಾ, ಕಾಫಿ ಕೊಡುತ್ತೀರಾ?